ಮೀನಿನ ನಕ್ಷೆ ಹಿಡಿದು ಕತ್ತಲೆಕಾನಿನಿಂದ ಕಾವೇರಿಗೆ

ಗುರುವಾರ, ಕತ್ತಲೆಕಾನು

ನಾವು ಹೊರಟಿದ್ದು ಬೆರಳುದ್ದದ ಮೀನುಗಳಿಗಾಗಿ. ಜೀಪಿನಲ್ಲಿ ನಾಲ್ಕು ಜನ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಅವರ ಹಳೇ ವಿದ್ಯಾರ್ಥಿನಿ, ಡ್ರೈವರ್, ಮತ್ತೆ ಸುಮ್ನೆ ಜೊತೆಗೆ ಬಂದ ನಾನು. ಹುಡುಗಿ ಈಗ ಸಂಶೋಧನೆ ಮಾಡುತ್ತಿದ್ದಾಳೆ. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಸಿಹಿನೀರಿನ ಮೀನುಗಳನ್ನು ಉಳಿಸಬೇಕು ಅಂದರೆ ಕರ್ನಾಟಕದಲ್ಲಿ ಮೊದಲು ಯಾವ ಹೊಳೆ, ಯಾವ ಹಳ್ಳ ಕಾಯಬೇಕು? ಇದು ಅವಳ ಪ್ರಶ್ನೆ. ಲ್ಯಾಪ್‌ಟಾಪಿನಲ್ಲಿ ನಕ್ಷೆ ಒಂದು ಮಟ್ಟಕ್ಕೆ ತಯಾರಾಗಿದೆ. ಅದರಲ್ಲಿ ಗುರುತು ಹಾಕಿದ ಜಾಗಗಳಲ್ಲಿ ಕೆಲವನ್ನಾದರೂ ಕಣ್ಣಾರೆ ನೋಡೋಣ ಅಂತ ಈ ತಿರುಗಾಟ.

ಮಾವಿನಗುಂಡಿ ದಾಟಿ ಗೇರುಸೊಪ್ಪೆ ಕಡೆಗೆ ಘಟ್ಟ ಇಳಿಯುವ ರಸ್ತೆಯಲ್ಲಿ ಕತ್ತಲೆಕಾನು ಸಿಗುತ್ತದೆ. ಲಾರಿಗಳು ಹಾರ್ನ್ ಹೊಡೆದುಕೊಂಡು ಹೋಗುವ ಹೆದ್ದಾರಿಯಿಂದ ಹತ್ತು ಹೆಜ್ಜೆ ಒಳಗೆ ಹೋದರೆ ಸಾಕು, ಬೇರೆಯೇ ಕಾಡು. ನೆಲ ಪೂರ್ತಿ ಜವುಗು. ರಾಮಪತ್ರೆ ಮರಗಳ ಬೇರುಗಳು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗೆ ಹೋಗುತ್ತವೆ. ಇಲ್ಲಿನವರು ಇದನ್ನು ರಾಮಪತ್ರೆ ಜಡ್ಡಿ ಅನ್ನುತ್ತಾರೆ. ಈ ಕಾಡಿನ ಹೆಸರನ್ನೇ ಹೊತ್ತ ಒಂದು ಮರವಿದೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅದನ್ನು ಹೊಸ ಜಾತಿ ಅಂತ ವಿಜ್ಞಾನಿಗಳು ಬರೆದಿದ್ದು 2000ದಲ್ಲಿ. ಹೆದ್ದಾರಿ ಪಕ್ಕದ ದೊಡ್ಡ ಮರವೇ ಅಷ್ಟು ತಡವಾಗಿ ಕಣ್ಣಿಗೆ ಬಿದ್ದ ಮೇಲೆ, ಕಲ್ಲಿನಡಿ ಅಡಗುವ ಮೀನಿನ ಗತಿ ಏನು ಹೇಳಿ.

ಜಡ್ಡಿಯಿಂದ ಹೊರಡುವ ಹಳ್ಳದಲ್ಲಿ ಫೆಬ್ರವರಿಯಲ್ಲೂ ನೀರು ಹರಿಯುತ್ತಿತ್ತು. ಮೊಣಕಾಲು ಮಟ್ಟ, ಗಾಜಿನಷ್ಟು ತಿಳಿ. ಬಲೆ ಹಾಕುವ ಹಾಗಿಲ್ಲ, ಇದು ಸಿಂಗಳೀಕಕ್ಕಾಗಿ ಕಾದಿಟ್ಟ ಕಾಡು. ಹಾಗಾಗಿ ಮುಖಕ್ಕೆ ಕನ್ನಡಕ ಹಾಕಿಕೊಂಡು ನೀರಿನಲ್ಲಿ ಬೋರಲು ಮಲಗಿ ನೋಡುವುದೊಂದೇ ದಾರಿ. ಮೇಷ್ಟ್ರಿಗೆ ಮೊಣಕಾಲು ನೋವು. ಅವರು ಬಂಡೆ ಮೇಲೆ ಕೂತು ಅಲ್ಲಿಂದಲೇ ಅಪ್ಪಣೆ ಕೊಡುತ್ತಿದ್ದರು. "ಮಧ್ಯದಲ್ಲಿ ನೋಡಬೇಡಿ ಮಾರಾಯ್ರೆ, ನೀರು ಜೋರಾಗಿ ಬೀಳೋ ಕಲ್ಲಿನ ಹಿಂದೆ ನೋಡಿ."

ಅಲ್ಲೇ ಇತ್ತು. ಕಲ್ಲಿಗೆ ಅಂಟಿಕೊಂಡ ಚಪ್ಪಟೆ ಮೀನು, ಭವಾನಿಯಾ ಆಸ್ಟ್ರೇಲಿಸ್. ರೆಕ್ಕೆಗಳನ್ನು ಎರಡೂ ಕಡೆ ಅಗಲವಾಗಿ ಹರಡಿ ಹೊಟ್ಟೆ ಒತ್ತಿ ಹಿಡಿದಿತ್ತು. ಅಷ್ಟು ಸೆಳವಿನಲ್ಲೂ ಅಲುಗಾಡಲಿಲ್ಲ. ಕೆಳಗಿನ ಮರಳಿನಲ್ಲಿ ಶಿಸ್ಟೂರಾ ಎಂಬ ಪಟ್ಟೆ ಪಟ್ಟೆಯ ಸಣ್ಣ ಮೀನುಗಳು. ಸ್ವಲ್ಪ ತಗ್ಗಿನಲ್ಲಿ, ಎಲೆ ಕೊಳೆಯುವ ಕಡೆ, ಮೈಮೇಲೆ ಕಪ್ಪು ಅಡ್ಡಪಟ್ಟಿ ಇರುವ ಕೆಂಪು ಮೀನುಗಳ ಗುಂಪು, ಹಲುದಾರಿಯಾ. ಈ ಹೆಸರಿನ ಕಥೆ ನನಗೆ ಇಷ್ಟ. ಇನ್ನೂರು ವರ್ಷದ ಹಿಂದೆ ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬ ಬ್ರಿಟಿಷ್ ವೈದ್ಯ ಗಂಗೆಯ ಮೀನುಗಳ ಬಗ್ಗೆ ಪುಸ್ತಕ ಬರೆದ. ಅವನಿಗೆ ಚಿತ್ರ ಬರೆದುಕೊಟ್ಟ ಬಂಗಾಳಿ ಹುಡುಗನ ಹೆಸರು ಹಲುದಾರ್. 2013ರಲ್ಲಿ ನಮ್ಮ ಘಟ್ಟದ ಮೀನಿನ ಕುಲಕ್ಕೆ ಅವನ ಹೆಸರಿಟ್ಟರು. ಘಟ್ಟವನ್ನೇ ನೋಡಿರದ ಚಿತ್ರಗಾರ ಈಗ ಇಲ್ಲಿನ ಹಳ್ಳಗಳಲ್ಲಿ ಓಡಾಡಿಕೊಂಡಿದ್ದಾನೆ.

ಈ ಶರಾವತಿ ಕಣಿವೆ ಅವಳ ನಕ್ಷೆಯ ಆದ್ಯತೆಯಲ್ಲಿ ಮೇಲೆ ಬರಲು ಕಾರಣ ಇದೆ. ಬಟಾಸಿಯೋ ಶರಾವತಿಯೆನ್ಸಿಸ್ ಎಂಬ ಸಣ್ಣ ಮೀಸೆ ಮೀನನ್ನು 2004ರಲ್ಲಿ ಗುರುತಿಸಿದರು. 2006ರಲ್ಲಿ ಇನ್ನೆರಡು ಬಂದವು, ಶಿಸ್ಟೂರಾ ಶರಾವತಿಯೆನ್ಸಿಸ್ ಮತ್ತು ಶಿಸ್ಟೂರಾ ನಾಗೋಡಿಯೆನ್ಸಿಸ್. ಎರಡನೆಯದು ಇಲ್ಲಿನ ನಾಗೋಡಿ ಊರಿನ ಹೆಸರಿನದ್ದೇ. ಈ ಭಾಗದ ಹಳ್ಳಗಳಲ್ಲಿ ಓಡಾಡಿದ ಸಂಶೋಧಕರು 2007ರಲ್ಲಿ ಒಂದು ಮುಖ್ಯ ವಿಷಯ ಬರೆದರು. ಸುತ್ತ ನಿತ್ಯಹಸಿರು ಕಾಡು ಗಟ್ಟಿಯಾಗಿರುವ, ವರ್ಷಪೂರ್ತಿ ನೀರಿರುವ ಹಳ್ಳಗಳಲ್ಲೇ ಘಟ್ಟಕ್ಕೆ ಸೀಮಿತವಾದ ಮೀನುಗಳು ಜಾಸ್ತಿ. ಎಲೆ ಉದುರುವ ಕಾಡಿನ ಹಳ್ಳಗಳಲ್ಲಿ ಸಿಗುವುದು ಹೆಚ್ಚಾಗಿ ಎಲ್ಲ ಕಡೆ ಬದುಕುವ ಮೀನುಗಳೇ. ಅಂದರೆ ಮೀನು ಹುಡುಕುವವರು ಮೊದಲು ಮರ ನೋಡಬೇಕು.

ರಾತ್ರಿ ಸಿದ್ದಾಪುರದ ಲಾಡ್ಜಿನಲ್ಲಿ ಅವಳು ನಕ್ಷೆ ಬಿಚ್ಚಿದಳು. ವಿಧಾನ ಕೇಳಲು ಸುಲಭ. ಯಾವ ಜಾತಿ ಎಲ್ಲಿ ಸಿಕ್ಕಿದೆ ಅಂತ ಹಳೇ ಮ್ಯೂಸಿಯಂ ಸೀಸೆಗಳಿಂದ ಹಿಡಿದು ಹೊಸ ಸಮೀಕ್ಷೆಗಳವರೆಗೆ ಎಲ್ಲ ದಾಖಲೆ ಒಟ್ಟು ಮಾಡಬೇಕು. ಆಮೇಲೆ ನಾಡನ್ನು ಜಿಲ್ಲೆ, ತಾಲ್ಲೂಕು ಅಂತ ನೋಡದೆ, ನೀರು ಹರಿಯುವ ದಿಕ್ಕಿನ ಪ್ರಕಾರ ಸಣ್ಣ ಸಣ್ಣ ಕಣಿವೆಗಳಾಗಿ ಒಡೆಯಬೇಕು. ಒಂದೊಂದು ಕಣಿವೆಗೂ ಎರಡು ಪ್ರಶ್ನೆ. ಇಲ್ಲಿನ ಮೀನು ಅಳಿದು ಹೋದರೆ ಬೇರೆ ಎಲ್ಲಾದರೂ ಸಿಗುತ್ತದಾ? ಹೋಗುವ ಅಪಾಯ ಎಷ್ಟು ಹತ್ತಿರದಲ್ಲಿದೆ? 2016ರಿಂದ ಇದಕ್ಕೆ ಜಗತ್ತಿನಾದ್ಯಂತ ಒಂದು ಅಳತೆಗೋಲು ಇದೆ. ಅಳಿವಿನ ಅಂಚಿನ ಜಾತಿಯಾದರೆ, ಜಗತ್ತಿನಲ್ಲಿರುವ ಅದರ ಸಂಖ್ಯೆಯಲ್ಲಿ ಕನಿಷ್ಠ ಶೇ. 0.5 ಒಂದೇ ಜಾಗದಲ್ಲಿದ್ದು, ಅಲ್ಲಿ ಮರಿ ಮಾಡುವಂತಿದ್ದರೆ ಆ ಜಾಗ ಮೊದಲು ಕಾಯಬೇಕಾದ ಜಾಗಗಳ ಪಟ್ಟಿಗೆ ಸೇರಬಹುದು. ಅಪಾಯ ಇಲ್ಲದಿದ್ದರೂ ತೀರಾ ಸಣ್ಣ ವ್ಯಾಪ್ತಿಯ ಜಾತಿಯಾದರೆ ಶೇ. 10. ಹಳ್ಳದ ಮೀನನ್ನು ತಲೆ ಎಣಿಸಲು ಆಗುವುದಿಲ್ಲವಲ್ಲ, ಅದು ಇರುವ ಹಳ್ಳಗಳ ಉದ್ದವನ್ನೋ ಪ್ರದೇಶವನ್ನೋ ಲೆಕ್ಕಕ್ಕೆ ಹಿಡಿಯಬಹುದು.

ಮೇಷ್ಟ್ರು ಕನ್ನಡಕ ಏರಿಸಿ ನಕ್ಷೆಯ ಚುಕ್ಕೆಗಳನ್ನು ತುಂಬಾ ಹೊತ್ತು ನೋಡಿದರು. "ಅಲ್ಲಮ್ಮಾ, ಇದು ಮೀನಿನ ನಕ್ಷೆಯೋ ಸೇತುವೆಗಳ ನಕ್ಷೆಯೋ?" ಅವಳಿಗೆ ನಗು ಬಂತು. ಮಾತು ನಿಜವೇ. ದಾಖಲೆಗಳೆಲ್ಲ ರಸ್ತೆ ಹೊಳೆಯನ್ನು ದಾಟುವ ಕಡೆಯೇ ಗುಂಪಾಗಿದ್ದವು. ಜೀಪು ನಿಂತಲ್ಲಿ ಬಲೆ ಬಿದ್ದಿದೆ. ಮೇಲಿನ ಹಳ್ಳಗಳು ಖಾಲಿ ಕಾಣುತ್ತವೆ. ಅಲ್ಲಿ ಮೀನಿಲ್ಲ ಅಂತ ಅಲ್ಲ, ಅಲ್ಲಿಗೆ ಯಾರೂ ಹೋಗಿಲ್ಲ ಅಂತ.

ಶುಕ್ರವಾರ, ಶೃಂಗೇರಿ

ಬೆಳಗ್ಗೆ ಬೇಗ ಹೊರಟು ಸಾಗರ, ಹೊಸನಗರ, ತೀರ್ಥಹಳ್ಳಿ ಮಾರ್ಗವಾಗಿ ಬಂದೆವು. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಹತ್ತು ನಿಮಿಷ ನಿಂತಿದ್ದಷ್ಟೆ. ಶೃಂಗೇರಿ ತಲುಪುವಾಗ ಮಧ್ಯಾಹ್ನದ ಊಟದ ಗಂಟೆ.

ತುಂಗೆಯ ಮೆಟ್ಟಿಲುಗಳ ಮೇಲೆ ಯಾವಾಗಿನ ಹಾಗೆ ಜನ. ಮಕ್ಕಳ ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಒಂದು ಹಿಡಿ ಎಸೆದರೆ ನೀರೇ ಕುದಿದಂತೆ ಮೀನುಗಳು ಮೇಲೆ ಬರುತ್ತವೆ. ದೊಡ್ಡ ಹುರುಪೆಯ ಮಹಶೀರ್ ಮೀನು ನೋಡಲು ಇದಕ್ಕಿಂತ ಸುಲಭದ ಜಾಗ ಇಲ್ಲ. ದೇವರ ಮೀನು ಅನ್ನುವ ಒಂದೇ ಮಾತಿನ ಮೇಲೆ ಎಷ್ಟೋ ತಲೆಮಾರಿನಿಂದ ಯಾರೂ ಇಲ್ಲಿ ಗಾಳ ಹಾಕಿಲ್ಲ. ಕಾವಲು, ಬೇಲಿ, ಬೋರ್ಡು ಎಲ್ಲ ಆಮೇಲೆ ಬಂದವು. ಕಾನೂನು ಮಾಡಲಾಗದ ಕೆಲಸವನ್ನು ಭಕ್ತಿ ಮಾಡಿದೆ ಅಂತ ನಾನು ಹೇಳಿದೆ.

ಮೇಷ್ಟ್ರು ಒಪ್ಪಿದರು, ಆದರೆ ಅರ್ಧ. "ದೊಡ್ಡ ಮೀನಿಗೆ ಸರಿ. ಈ ಗುಂಡಿಯಲ್ಲಿ ಭವಾನಿಯಾ ತೋರಿಸಿ ನೋಡೋಣ." ಅದು ಇಲ್ಲಿ ಹೇಗೆ ಸಿಗುತ್ತದೆ? ಅದಕ್ಕೆ ಬೇಕಾಗಿರುವುದು ಕಲ್ಲಿನ ಮೇಲೆ ಧುಮುಕುವ ನೀರು. ದೇವಸ್ಥಾನದ ಮುಂದಿನದು ಆಳವಾದ ನಿಂತ ನೀರು. ಅಷ್ಟೇ ಅಲ್ಲ, ಮಹಶೀರ್ ಕೂಡ ಇಲ್ಲೇ ಹುಟ್ಟಿ ಇಲ್ಲೇ ಸಾಯುವ ಮೀನಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಮೇಲಕ್ಕೆ ಏರಿ, ಬೆಣಚುಕಲ್ಲಿನ ಹಾಸು ಇರುವ ಕಡೆ ಮೊಟ್ಟೆ ಇಡುತ್ತದೆ. ಈ ಗುಂಡಿ ಬೇಸಗೆ ಕಳೆಯುವ ಜಾಗ. ಹೆರಿಗೆ ಮನೆ ಮೇಲೆ ಎಲ್ಲೋ ಇದೆ. ಅಲ್ಲಿ ಮರಳು ತೆಗೆದರೆ, ಮೀನು ಹಿಡಿಯಲು ತೋಟೆ ಸಿಡಿಸಿದರೆ, ಇಲ್ಲಿ ಎಷ್ಟು ಮಂಡಕ್ಕಿ ಹಾಕಿದರೂ ಮುಂದಿನ ತಲೆಮಾರು ಬರುವುದಿಲ್ಲ.

ಸಂಜೆ ಉಳಿದುಕೊಂಡ ಮನೆಯ ಯಜಮಾನರು ಅಡಿಕೆ ಬೆಳೆಗಾರರು. ಮೀನಿನ ಮಾತು ಬಂದದ್ದೇ ತಡ, ಅವರ ಮುಖ ಅರಳಿತು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುವ 'ಹತ್ತುಮೀನು'. ಮೀನು ಬೀಳಿಸುವ ಕೂಣಿ ಇಟ್ಟು ರಾತ್ರಿಯಿಡೀ ಲಾಟೀನು ಹಿಡಿದು ಕಾಯುತ್ತಿದ್ದ ಕಾಲ. ಈಗ?

"ಈಗ ಗದ್ದೆಯೇ ಇಲ್ವಲ್ಲ ಸ್ವಾಮಿ, ಎಲ್ಲ ತೋಟ. ಮೀನು ಹತ್ತಿ ಹೋಗೋದಾದ್ರೂ ಎಲ್ಲಿಗೆ?" ಸ್ವಲ್ಪ ಹೊತ್ತು ಬಿಟ್ಟು ಅವರೇ ಸೇರಿಸಿದರು. "ಕೊಳೆ ರೋಗಕ್ಕೆ ಹೊಡೆಯೋ ಮೈಲುತುತ್ತ ಬೇರೆ. ಮಳೆ ಬಂದ್ರೆ ತೊಳ್ಕೊಂಡು ಹಳ್ಳಕ್ಕೇ ಹೋಗುತ್ತೆ. ಹೊಡೀದೆ ಇದ್ರೆ ಅಡಿಕೆ ಉಳಿಯಲ್ಲ."

ಹುಡುಗಿ ಇದನ್ನೆಲ್ಲ ಪುಸ್ತಕದಲ್ಲಿ ಗೀಚಿಕೊಂಡಳು. ಅವಳ ನಕ್ಷೆಯಲ್ಲಿ ಗದ್ದೆಗೆ ಬಣ್ಣ ಇರಲಿಲ್ಲ. ನನ್ನನ್ನು ಕೇಳಿದರೆ, ಮಲೆನಾಡಿನ ಮೀನಿನ ಬಗ್ಗೆ ಮಾತಾಡುವವರು ಇಂಥ ಹಳಬರ ಜೊತೆ ಒಂದು ರಾತ್ರಿಯಾದರೂ ಕೂರಬೇಕು. ಯಾವ ಹಳ್ಳಕ್ಕೆ ಮೀನು ಏರುತ್ತಿತ್ತು, ಯಾವ ವರ್ಷದಿಂದ ನಿಂತಿತು ಅಂತ ಅವರಿಗೆ ಬಾಯಿಪಾಠ.

ಶನಿವಾರ, ಕುದುರೆಮುಖ

ದಾರಿ ಚೆಂದ, ಕೆಲಸ ಕಡಿಮೆ. ಭದ್ರೆಯ ದಡದಲ್ಲಿ ಒಂದೆರಡು ಕಡೆ ನಿಂತು ನೀರು ನೋಡಿದೆವು. ಕಬ್ಬಿಣದ ಅದಿರಿನ ಗಣಿ ಇಲ್ಲಿ 2005ರ ಕೊನೆಗೆ ನಿಂತಿತು, ಸುಪ್ರೀಂ ಕೋರ್ಟ್ ಆದೇಶದ ಮೇಲೆ. ಗಣಿ ಇದ್ದ ಕಾಲದಲ್ಲಿ ಮಳೆಗಾಲದ ಭದ್ರೆ ಕೆಂಪಾಗಿ ಹರಿಯುತ್ತಿದ್ದುದನ್ನು ಮೇಷ್ಟ್ರು ನೋಡಿದ್ದಾರೆ. ಕಲ್ಲಿನ ಸಂದಿಗಳಲ್ಲಿ ಹೂಳು ತುಂಬಿದರೆ ಮೊಟ್ಟೆ ಉಸಿರು ಕಟ್ಟಿ ಸಾಯುತ್ತದೆ, ಪಾಚಿ ಬೆಳೆಯುವುದಿಲ್ಲ, ಕಲ್ಲಿಗೆ ಅಂಟುವ ಮೀನಿಗೆ ಅಂಟಲು ಕಲ್ಲೇ ಸಿಗುವುದಿಲ್ಲ. ಬಲೆಯಿಂದ ಕಾಪಾಡಿದರೂ ಮಣ್ಣಿನಿಂದ ಕಾಪಾಡದಿದ್ದರೆ ಪ್ರಯೋಜನ ಇಲ್ಲ ಅಂತಾಯಿತು.

ಗಂಗಾಮೂಲದ ಈ ಬೆಟ್ಟಸಾಲಿನಲ್ಲೇ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಎರಡು ಪೂರ್ವಕ್ಕೆ ಹೋಗಿ ಕೃಷ್ಣೆಯ ಪಾಲಾಗುತ್ತವೆ, ಒಂದು ಪಶ್ಚಿಮಕ್ಕೆ ಕಡಲಿಗೆ. ನಡೆದುಕೊಂಡು ಹೋಗುವ ನಮಗೆ ಇದು ಒಂದೇ ಕಾಡು. ಮೀನಿಗೆ ಹಾಗಲ್ಲ. ಒಂದು ಬೆನ್ನಿನ ಆಚೆ ಈಚೆ ಇದ್ದರೂ ಅವು ಸೇರುವ ಹಾಗಿಲ್ಲ. ಲಕ್ಷಾಂತರ ವರ್ಷ ಹೀಗೆ ಬೇರೆ ಬೇರೆ ಉಳಿದಿದ್ದಕ್ಕೇ ಘಟ್ಟದಲ್ಲಿ ಇಷ್ಟೊಂದು ಬಗೆ. ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2011ರಲ್ಲಿ ಘಟ್ಟದ ಸಿಹಿನೀರಿನ ಜೀವಿಗಳ ವರದಿ ತಂದಾಗ ಪಟ್ಟಿಗೆ ಬಂದ ಮೀನು 290 ಜಾತಿ. ಅದರಲ್ಲಿ 189 ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದವು. ಆಮೇಲೂ ಹೊಸ ಜಾತಿಗಳು ಸೇರುತ್ತಲೇ ಇವೆ.

ಹುಲಿಗೋ ಸಿಂಗಳೀಕಕ್ಕೋ ಗೆರೆ ಎಳೆದ ಅಭಯಾರಣ್ಯದಲ್ಲಿ ಮೀನೂ ಉಳಿಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಕಡೆ ಆ ಗೆರೆ ಎಳೆದಿರುವುದೇ ಹೊಳೆಯ ಮೇಲೆ. ಈ ದಡ ಕಾಡು, ಆ ದಡ ಕಂದಾಯ ಭೂಮಿ. ಕಾಗದದಲ್ಲಿ ಗಡಿಯಾಗಿರುವ ಹೊಳೆಯನ್ನು ಕಾಯುವವರು ಯಾರು?

ಭಾನುವಾರ, ಶಿಶಿಲ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು, ಧರ್ಮಸ್ಥಳ, ಕೊಕ್ಕಡ ದಾಟಿ ಶಿಶಿಲಕ್ಕೆ ಬಂದಾಗ ಸೆಖೆ ಬಡಿಯಿತು. ಘಟ್ಟದ ಮೇಲೆ ಸ್ವೆಟರ್, ಕೆಳಗೆ ಬೆವರು. ಶಿಶಿಲೇಶ್ವರ ದೇವಸ್ಥಾನದ ಎದುರು ಕಪಿಲಾ ಹೊಳೆ. ಅದರ ತುಂಬ ಪೆರುವೋಲು. ಮಹಶೀರ್‌ಗೆ ಈ ಕಡೆಯ ಹೆಸರು ಅದು.

ಶೃಂಗೇರಿಗೂ ಇಲ್ಲಿಗೂ ವ್ಯತ್ಯಾಸ ಇದೆ. ಅಲ್ಲಿ ಸಂತೆಯಂಥ ಜನ. ಇಲ್ಲಿ ಭಾನುವಾರವಾದರೂ ನಾಲ್ಕೈದು ಕುಟುಂಬ, ಅಷ್ಟೆ. ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೆ ಮೀನುಗಳು ಬಂದು ಮೂತಿ ತಾಗಿಸುತ್ತವೆ. ದೊಡ್ಡ ಹುರುಪೆಗಳ ಮೇಲೆ ಬಿಸಿಲು ಬಿದ್ದಾಗ ಒಂದೊಂದೂ ಬೇರೆ ಬೇರೆ ಎಣಿಸಬಹುದು. ಪಶ್ಚಿಮಕ್ಕೆ ಹರಿಯುವ ಹೊಳೆಗಳ ಈ ಮಹಶೀರ್ ಯಾವ ಜಾತಿ ಎಂಬುದರ ಬಗ್ಗೆ ತಜ್ಞರಲ್ಲೇ ವಾದ ಇದೆ. ಹಳೇ ಪಟ್ಟಿಗಳಲ್ಲಿ ಟಾರ್ ಖುದ್ರೀ ಅಂತ ಬರೆದಿದ್ದಾರೆ. ಇದು ಟಾರ್ ಮಲಬಾರಿಕಸ್ ಅನ್ನುವವರೂ ಇದ್ದಾರೆ. 1849ರಲ್ಲಿ ಜರ್ಡನ್ ಎಂಬ ವಿಜ್ಞಾನಿ ಹೆಸರಿಟ್ಟ ಮೀನು ಅದು. ಇದು ಬರೀ ಹೆಸರಿನ ಜಗಳ ಅಂತ ಬಿಡುವ ಹಾಗಿಲ್ಲ. ಮೊದಲನೆಯದು ಐಯುಸಿಎನ್ ಪಟ್ಟಿಯಲ್ಲಿ ಈಗ ಅಪಾಯ ಇಲ್ಲದ್ದು, ಎರಡನೆಯದು ಅಳಿವಿನ ದಾರಿಯಲ್ಲಿರುವುದು. ಹೆಸರು ಬದಲಾದರೆ ಈ ಹೊಳೆ ಆದ್ಯತೆಯ ಪಟ್ಟಿಯಲ್ಲಿ ಎಲ್ಲಿಂದ ಎಲ್ಲಿಗೋ ಏರುತ್ತದೆ.

ಇಲ್ಲಿ ಮೀನುಗಳ ನೆನಪಿಗೆ ಒಂದು ಸ್ಮಾರಕ ಇದೆ. 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಆ ದಿನ ನೋಡಿದವರೊಬ್ಬರು ದೇವಸ್ಥಾನದ ಹತ್ತಿರ ಸಿಕ್ಕಿದರು. ವಯಸ್ಸಾದವರು, ಬಿಳಿ ಪಂಚೆ.

"ಹೊಳೆ ಪೂರ್ತಿ ಬಿಳಿ ಆಗಿತ್ತು ಮಾರಾಯ್ರೆ. ಊರವರು ಊಟ ಬಿಟ್ಟಿದ್ದರು."

"ಮತ್ತೆ ಮೀನು ಎಲ್ಲಿಂದ ಬಂತು ಅಜ್ಜಾ?" ಹುಡುಗಿ ಕೇಳಿದಳು.

"ಎಲ್ಲಿಂದ ಅಂದ್ರೆ? ಮೇಲಿಂದ, ಕೆಳಗಿಂದ. ಮಳೆಗಾಲ ಬಂತಲ್ಲ."

ಅವರಿಗೆ ಅದು ಸಾಮಾನ್ಯ ಮಾತು. ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಗುಂಡಿ ಬರಿದಾದರೂ ಹೊಳೆ ತೆರೆದಿತ್ತು. ಮೇಲಿನ ಹಳ್ಳಗಳಲ್ಲಿ, ಕೆಳಗಿನ ಬೇರೆ ಗುಂಡಿಗಳಲ್ಲಿ ಉಳಿದಿದ್ದ ಮೀನು ಬಂದು ಸೇರಿಕೊಂಡಿತು. ಇಂಥ ಪುಣ್ಯದ ಗುಂಡಿಗಳು ಈ ಕಡೆ ಒಂದೇ ಅಲ್ಲ. ಕುಕ್ಕೆಯಲ್ಲಿ ಇದೆ, ನಾಕೂರು ಗಯದಲ್ಲಿ ಇದೆ, ಆಚೆ ಸುಳ್ಯದ ಕಡೆ ತೊಡಿಕಾನದಲ್ಲೂ ಇದೆ. ನಡುವಿನ ದಾರಿ ತೆರೆದಿರುವವರೆಗೆ ಒಂದಕ್ಕೆ ಪೆಟ್ಟು ಬಿದ್ದರೆ ಅದೇ ಹೊಳೆಯ ಇನ್ನೊಂದು ತುಂಬಿಕೊಡುತ್ತದೆ.

ಹಾಗಾದರೆ ದಾರಿ ಎಷ್ಟು ತೆರೆದಿದೆ? ಕೆಳಗೆ ಹೋಗಿ ನೋಡಿದೆವು. ದಕ್ಷಿಣ ಕನ್ನಡದ ಹೊಳೆಗಳಲ್ಲಿ ಕಿಂಡಿ ಅಣೆಕಟ್ಟು ಸಾಮಾನ್ಯ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗೆ ಮೊದಲು ತೆಗೆಯುತ್ತಾರೆ. ತೋಟಕ್ಕೆ ನೀರು, ಬಾವಿಗೆ ಒರತೆ. ಯಾರಿಗೂ ತಕರಾರು ಇಲ್ಲ. ಹುಡುಗಿ ಅಲ್ಲಿದ್ದ ಕೃಷಿಕರನ್ನು ಕೇಳಿದ್ದು ಒಂದೇ, ಹಲಗೆ ಯಾವಾಗ ತೆಗೀತೀರಿ? ಅವರು ನಕ್ಕರು. "ನೆನಪಾದಾಗ. ಕೆಲವು ವರ್ಷ ಹೊಳೆಯೇ ತೆಗೀತದೆ." ಮೊದಲ ನೆರೆ ಬರುವಾಗ ಹಲಗೆ ಇದ್ದರೆ ಏರಲು ಹೊರಟ ಮೀನು ಅಲ್ಲೇ ತಲೆ ಹೊಡೆದುಕೊಳ್ಳುತ್ತದೆ. ಕೆಳಗೆ ಬಲೆ ಹಿಡಿದವರು ಕಾಯುತ್ತಿರುತ್ತಾರೆ. ಹೀಗೆ ನೆರೆಗೆ ಏರುವ ಉಬರ್ ಮೀನು ಅಂದರೆ ಇಲ್ಲೂ ಎಲ್ಲರಿಗೂ ಬಾಯಲ್ಲಿ ನೀರು.

ಮೇಷ್ಟ್ರಿಗೆ ಈ ಹಲಗೆಯ ವಿಷಯ ಬಹಳ ಹಿಡಿಸಿತು. ಹೊಸ ಅಭಯಾರಣ್ಯ ಬೇಡ, ಕೋಟಿ ಖರ್ಚು ಬೇಡ, ಪಂಚಾಯಿತಿಯವರು ಮೇ ಮುಗಿಯುವುದರೊಳಗೆ ಹಲಗೆ ತೆಗೆಸಿದರೆ ಆಯಿತು. ಆದ್ಯತೆಯ ಪ್ರದೇಶ ಅಂದ ಕೂಡಲೇ ಜನರಿಗೆ ಒಕ್ಕಲೆಬ್ಬಿಸುವ ಭಯ. ಕಸ್ತೂರಿರಂಗನ್ ವರದಿಯ ಗಲಾಟೆ ಇನ್ನೂ ಯಾರೂ ಮರೆತಿಲ್ಲ. ಮೀನಿನ ವಿಷಯದಲ್ಲಿ ಕೇಳುವುದು ಇಷ್ಟು ಸಣ್ಣದು ಅಂತ ಗೊತ್ತಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ ಅಂತ ನನಗೂ ಅನಿಸಿತು.

ಸೋಮವಾರ, ಗುಂಡ್ಯ ಮತ್ತು ಶಿರಾಡಿ

ಎಲ್ಲವೂ ಹಲಗೆಯಷ್ಟು ಸುಲಭ ಅಲ್ಲ. ಅದು ಗುಂಡ್ಯದಲ್ಲಿ ಗೊತ್ತಾಗುತ್ತದೆ.

ಇಲ್ಲಿ ಸೇರುವ ಹೊಳೆಗಳ ಮೇಲ್ಭಾಗ ಪೂರ್ತಿ ದಟ್ಟ ಕಾಡು. ಕತ್ತಲೆಕಾನಿನ ಲೆಕ್ಕ ಇಲ್ಲಿಗೂ ಹೊಂದುತ್ತದೆ. ವರ್ಷವಿಡೀ ತಂಪು ನೀರು, ಮೇಲೆ ಮರಗಳ ಚಪ್ಪರ, ಕೆಳಗೆ ಕಲ್ಲು. ಅವಳ ನಕ್ಷೆಯಲ್ಲಿ ಕಡುಕೆಂಪು. ಎರಡೂ ಪ್ರಶ್ನೆಗೆ ಕೆಟ್ಟ ಉತ್ತರವೇ ಬಂದಿದೆ ಅಂತ ಅರ್ಥ. ಬದಲಿ ಜಾಗ ಇಲ್ಲ, ಅಪಾಯ ಹತ್ತಿರದಲ್ಲೇ ಇದೆ.

ಅಪಾಯ ಮೊದಲು ಕಿರು ಜಲವಿದ್ಯುತ್ ರೂಪದಲ್ಲಿ ಬಂತು. 25 ಮೆಗಾವಾಟ್‌ಗಿಂತ ಕಡಿಮೆಯಾದರೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯ ಅಲ್ಲ. ಹೊಳೆಗೆ ಅಡ್ಡ ಒಂದು ಗೋಡೆ, ಅಲ್ಲಿಂದ ಕೊಳವೆಯಲ್ಲಿ ನೀರು ಕೆಳಗಿನ ವಿದ್ಯುದಾಗಾರಕ್ಕೆ. ಎರಡರ ನಡುವೆ ಬೇಸಗೆಯಲ್ಲಿ ಉಳಿಯುವುದು ಬಿಸಿಲಿಗೆ ಕಾದ ಬಂಡೆ ಮತ್ತು ಅಲ್ಲೊಂದು ಇಲ್ಲೊಂದು ನೀರಿನ ಹೊಂಡ. ಘಟ್ಟದ ಇಂಥ ಹೊಳೆಗಳನ್ನು ತಡೆಯಿಲ್ಲದ ಹೊಳೆಗಳ ಜೊತೆ ಹೋಲಿಸಿ 2018ರಲ್ಲಿ ಬಂದ ಅಧ್ಯಯನವೊಂದು, ಒಣಗಿದ ಭಾಗದಲ್ಲಿ ಮೀನುಗಳ ಬಳಗವೇ ಬದಲಾಗಿದೆ ಅಂತ ತೋರಿಸಿತು. ಸಣ್ಣ ಯೋಜನೆ ಅಂದರೆ ಸಣ್ಣ ಹಾನಿ ಅಂತ ತಿಳಿಯುವುದು ನಮ್ಮ ಅಭ್ಯಾಸ. ಒಂದೇ ಹೊಳೆಗೆ ಸಾಲಾಗಿ ನಾಲ್ಕು ಸಣ್ಣ ಯೋಜನೆ ಬಂದರೆ?

ಆಮೇಲೆ ಎತ್ತಿನಹೊಳೆ. ಸಕಲೇಶಪುರದ ಕಡೆಯ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗದಹಳ್ಳದ ನೀರನ್ನು ಮೇಲೆತ್ತಿ ಪೂರ್ವದ ಬರದ ಜಿಲ್ಲೆಗಳಿಗೆ ಕೊಡುವ ಯೋಜನೆ. ಲೆಕ್ಕ 24.01 ಟಿಎಂಸಿ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಕೋಲಾರದ ನೆಂಟರ ಮನೆಯಲ್ಲಿ ಟ್ಯಾಂಕರ್ ನೀರಿಗೆ ಕಾದವನು ನಾನು, ಆ ಕಡೆಯವರ ಸಂಕಟ ಸುಳ್ಳು ಅನ್ನಲಾರೆ. ಆದರೆ ಯೋಜನೆಯ ಪರ ಹೇಳುವ ಒಂದು ಮಾತು ಮಾತ್ರ ಮೀನಿನ ಕಡೆಯಿಂದ ನೋಡಿದರೆ ತಲೆಕೆಳಗು. ನಾವು ತೆಗೆಯುವುದು ಮಳೆಗಾಲದಲ್ಲಿ ವ್ಯರ್ಥವಾಗಿ ಸಮುದ್ರ ಸೇರುವ ನೀರು ಮಾತ್ರ ಅನ್ನುತ್ತಾರೆ. ಆ ನೆರೆಯ ನೀರು ನೋಡಿಯೇ ಮೀನು ಏರುವುದು, ಮೊಟ್ಟೆ ಇಡುವುದು. ಬೇಸಗೆಯ ನೀರು ಅದರ ಊಟವಾದರೆ, ಮಳೆಗಾಲದ ನೀರು ಅದರ ಮದುವೆ.

ಘಟ್ಟ ಹತ್ತುವಾಗ ರಸ್ತೆ ಅಗಲ ಮಾಡುವ ಮಣ್ಣು ಇಳಿಜಾರಿನಲ್ಲಿ ಬಿದ್ದಿತ್ತು. ಮುಂದಿನ ಮಳೆಗೆ ಅದು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಮಾತಾಡಲಿಲ್ಲ. ಡ್ರೈವರ್ ಮಾತ್ರ, "ಹೊಳೆಗೇ ಅಲ್ವಾ ಸಾರ್" ಅಂದ. ಸಕಲೇಶಪುರದಲ್ಲಿ ಅಕ್ಕಿ ರೊಟ್ಟಿ ತಿಂದು ಮಲಗಿದೆವು.

ಮಂಗಳವಾರ, ಮುತ್ತತ್ತಿ

ಹಾಸನ, ಮಂಡ್ಯ, ಮಳವಳ್ಳಿ, ಹಲಗೂರು. ದೂರದ ದಾರಿ. ನಡುವೆ ಊಟಕ್ಕೆ ನಿಂತ ಕಡೆ ಮೀನು ಫ್ರೈ ಕೇಳಿದರೆ ಬಂದದ್ದು ಜಿಲೇಬಿ. ಆಫ್ರಿಕಾದಿಂದ ಬಂದ ತಿಲಾಪಿಯಾಕ್ಕೆ ನಮ್ಮ ಜನ ಕೊಟ್ಟ ಹೆಸರು ಅದು. ಬಯಲುಸೀಮೆಯ ಎಷ್ಟೋ ಕೆರೆ, ನಾಲೆಗಳಲ್ಲಿ ಈಗ ಅದರದ್ದೇ ರಾಜ್ಯ.

ಕಾವೇರಿಗೆ ಬಂದಿದ್ದು ಒಂದೇ ಮೀನಿಗಾಗಿ. ಇಲ್ಲಿನವರು ಬಿಳಿ ಮೀನು ಅನ್ನುವ, ಬೆನ್ನು ಗೂನಾದ ಮಹಶೀರ್. ಕಾವೇರಿ ಮತ್ತು ಅದರ ಉಪನದಿಗಳು ಬಿಟ್ಟು ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡ್ ತೂಗಿತ್ತು, ಅಂದರೆ 54 ಕೆಜಿ. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ದೇಶ ವಿದೇಶದಿಂದ ಗಾಳದವರು ಬರುತ್ತಿದ್ದರು. ಹಿಡಿ, ತೂಕ ಹಾಕು, ಬಿಟ್ಟುಬಿಡು ಅನ್ನುವುದು ನಿಯಮ.

ಹಿಂದೆ ಅಲ್ಲಿ ದಾರಿ ತೋರಿಸುವ ಕೆಲಸ ಮಾಡುತ್ತಿದ್ದವರೊಬ್ಬರು ಮುತ್ತತ್ತಿಯಲ್ಲಿ ಸಿಕ್ಕಿದರು. ಈಗ ಹರಿಗೋಲು ಹಾಕುತ್ತಾರೆ.

"ಗಾಳಕ್ಕೆ ಏನು ಹಾಕ್ತಿದ್ರಿ ಅಣ್ಣಾ?"

"ರಾಗಿ ಮುದ್ದೆ. ಇನ್ನೇನು? ನಾವು ತಿನ್ನೋದೇ ಅದಕ್ಕೂ. ಗಟ್ಟಿಯಾಗಿ ಬೇಯಿಸಿ ಉಂಡೆ ಕಟ್ಟಿದ್ರೆ ಸೆಳವಲ್ಲೂ ಕರಗಾಕಿಲ್ಲ."

2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳ ನಿಂತಿತು, ವನ್ಯಜೀವಿ ಕಾನೂನಿನ ಕಾರಣಕ್ಕೆ. ಅಭಯಾರಣ್ಯದಲ್ಲಿ ಮೋಜಿಗೆ ಮೀನು ಹಿಡಿಯುವುದು ಹೇಗೆ ಸರಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇವರ ಪ್ರಕಾರ ಕಾಯುವವರೂ ಅವತ್ತೇ ಹೋದರು. "ನಾವು ದಿನಾ ಹೊಳೆ ಮೇಲೆ ಇರ್ತಿದ್ವಿ. ತೋಟೆ ಹಾಕೋರು ಹೆದರೋರು. ಈಗ ಯಾರಿದ್ದಾರೆ?"

ಬಿಳಿ ಮೀನಿಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಮಾತ್ರ ತೋಟೆ ಒಂದೇ ಅಲ್ಲ. ಅದರ ನೆಂಟನೂ ಹೌದು. ಲೋನಾವಳದಲ್ಲಿ ಟಾಟಾ ಪವರ್ ಕಂಪನಿಯ ಮರಿ ಕೇಂದ್ರದಲ್ಲಿ 1970ರ ದಶಕದಿಂದ ನೀಲಿ ರೆಕ್ಕೆಯ ಟಾರ್ ಖುದ್ರೀ ಮರಿ ಮಾಡಿಸಿದರು. ಮಹಶೀರ್ ಉಳಿಸುವ ಒಳ್ಳೆ ಮನಸ್ಸಿನಿಂದಲೇ ಆ ಮರಿಗಳನ್ನು ಬೇರೆ ಬೇರೆ ನದಿಗಳಿಗೆ ಬಿಟ್ಟರು, ಕಾವೇರಿಗೂ. 1998ರಿಂದ 2012ರವರೆಗೆ ಶಿಬಿರವೊಂದರಲ್ಲಿ ಗಾಳಕ್ಕೆ ಸಿಕ್ಕ ಮೀನುಗಳ ಲೆಕ್ಕ ಇಟ್ಟಿದ್ದರು. 2015ರಲ್ಲಿ ವಿಜ್ಞಾನಿಗಳು ಆ ಪುಸ್ತಕ ತೆಗೆದು ನೋಡಿದರು. ನೀಲಿ ರೆಕ್ಕೆಯವು ಏರುತ್ತಾ ಹೋಗಿವೆ. ಗೂನುಬೆನ್ನಿನವು ಇಳಿಯುತ್ತಾ ಹೋಗಿವೆ, ಸಿಕ್ಕ ಕೆಲವೂ ಬರೀ ದೊಡ್ಡವು. ಮರಿಗಳೇ ಇಲ್ಲ. ಮುದುಕರಷ್ಟೇ ಉಳಿದ ಊರು ಎಷ್ಟು ದಿನ?

ವಿಚಿತ್ರ ಅಂದರೆ ಆಗ ಈ ಮೀನಿಗೆ ವಿಜ್ಞಾನದ ಹೆಸರೇ ಗಟ್ಟಿಯಾಗಿರಲಿಲ್ಲ. ಹೆಸರಿಲ್ಲದ್ದನ್ನು ಅಪಾಯದ ಪಟ್ಟಿಗೆ ಸೇರಿಸಲು ಬರುವುದಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ 2011ರಲ್ಲಿ ಹೆಸರಿಸಿದ್ದ ಟಾರ್ ರೆಮಾದೇವಿಯೂ ಇದೂ ಒಂದೇ ಅಂತ 2018ರಲ್ಲಿ ತೋರಿಸಿದರು. ಮೀನುಗಳ ಅಧ್ಯಯನದಲ್ಲಿ ಹೆಸರಾದ ಕೆ. ರೆಮಾದೇವಿಯವರ ಹೆಸರು ಅದಕ್ಕೆ. ಅದೇ ವರ್ಷ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜಾತಿ ಅಂತ ಸೇರಿಸಿತು. ಈಗ ಅದಕ್ಕೆ ಉಳಿದ ಮುಖ್ಯ ಆಸರೆ ನೀಲಗಿರಿ ತಪ್ಪಲಿನ ಮೋಯಾರ್ ಹೊಳೆ.

ಸಂಜೆ ಮರಳಿನ ಮೇಲೆ ಕೂತು ಮೇಷ್ಟ್ರು, ಹುಡುಗಿ ಇಬ್ಬರ ವಾದ ಶುರುವಾಯಿತು. ಮೋಯಾರ್ ಮೊದಲ ಸ್ಥಾನಕ್ಕೆ ಅಂತ ಇಬ್ಬರಿಗೂ ಒಪ್ಪಿಗೆ, ಅದು ನಮ್ಮ ರಾಜ್ಯದ ಗಡಿ ದಾಟಿದ್ದಾದರೂ. ಜಗಳ ಮುತ್ತತ್ತಿಯ ಈ ಭಾಗದ ಬಗ್ಗೆ. ಮೇಷ್ಟ್ರು ಬೇಡ ಅಂದರು. ಬಿಳಿ ಮೀನು ಇಲ್ಲಿ ಹೆಚ್ಚುಕಡಿಮೆ ಮುಗಿದಿದೆ, ನೀಲಿ ರೆಕ್ಕೆಯವನ್ನು ಬಾಚಿ ತೆಗೆಯಲು ಆಗುವುದಿಲ್ಲ, ಮೇಕೆದಾಟು ಅಣೆಕಟ್ಟು ಬಂದರೆ ಸೆಳವೇ ಉಳಿಯುವುದಿಲ್ಲ. ಇರುವ ದುಡ್ಡು, ಇರುವ ಜನ ಶಿಶಿಲ, ಗುಂಡ್ಯ, ಶರಾವತಿ ಕಡೆ ಹೋಗಲಿ.

"ಬಣ್ಣ ತೆಗೆದರೆ ಅಣೆಕಟ್ಟಿನವರಿಗೆ ಇನ್ನೂ ಸುಲಭ ಆಗುತ್ತೆ ಸರ್" ಅಂದಳು ಅವಳು. "ಇಲ್ಲಿ ಏನೂ ಇಲ್ಲ ಅಂತ ನಮ್ಮ ನಕ್ಷೆಯನ್ನೇ ತೋರಿಸ್ತಾರೆ."

ನಾನು ಅವಳ ಕಡೆ. ಮೀನು ಕಡಿಮೆಯಾದ ಕಡೆಯಿಂದ ಗುರುತು ಅಳಿಸುತ್ತಾ ಹೋದರೆ, ಕೊನೆಗೆ ನಕ್ಷೆಯಲ್ಲಿ ಉಳಿಯುವುದು ಯಾರೂ ಕಣ್ಣು ಹಾಕದ ಹಳ್ಳಗಳಷ್ಟೆ. ಮೇಷ್ಟ್ರು ಒಪ್ಪಲಿಲ್ಲ. ಕೊನೆಗೆ ಒಂದು ರಾಜಿ ಆಯಿತು. ಕಾವೇರಿಯ ಈ ಭಾಗಕ್ಕೆ ಬೇರೆ ಬಣ್ಣ, ಹಿಂದೆ ಇದ್ದು ಮತ್ತೆ ತರಬಹುದಾದ ಜಾಗ ಅಂತ. ಶಿಶಿಲದಿಂದ ಕೆಳಗಿನ ಪ್ರತಿ ಕಿಂಡಿ ಅಣೆಕಟ್ಟಿಗೂ ಒಂದು ಗುರುತು, ಪಕ್ಕದಲ್ಲಿ ಹಲಗೆ ತೆಗೆಯುವ ತಿಂಗಳು. ಶೃಂಗೇರಿಯ ಯಜಮಾನರು ಹೇಳಿದ ಗದ್ದೆ ಬಯಲುಗಳಿಗೂ ಒಂದು ಪದರ. ಗುಂಡ್ಯದ ಮೇಲಿನ ಖಾಲಿ ಹಳ್ಳಗಳಿಗೆ ಅನುಮತಿ ಪಡೆದು ಜೂನ್‌ಗೆ ಮೊದಲು ಹೋಗಿಬರಬೇಕು. ಜಿಗಣೆ ಶುರುವಾದರೆ ನಾನು ಬರುವುದಿಲ್ಲ ಅಂತ ಡ್ರೈವರ್ ಆಗಲೇ ಹೇಳಿದ್ದಾನೆ.